ಕೆಂಪಗಿದ್ದರೆ ಚಲೋ ಎನ್ನುವವಳ ವಸಡು

ನನ್ನ ಅತ್ತೆ ಹಾರವಾಡದವಳು. ಮೀನು ಮಾರಿಯೇ ಮಕ್ಕಳನ್ನು ದೊಡ್ಡದು ಮಾಡಿದವಳು. ಈಗಲೂ ಅಂಕೋಲೆ ಪೇಟೆಯಲ್ಲಿ ಯಾರಾದರೂ ಅವಳ ಬುಟ್ಟಿಯ ಮುಂದೆ ನಿಂತು ಮೂಗು ಮುರಿದರೆ ಸಾಕು, ಬಂಗಡೆಯ ಕಿವಿರೆತ್ತಿ ತೋರಿಸುತ್ತಾಳೆ: "ಕಣ್ಣು ಬಿಟ್ಟು ನೋಡು, ಹೆಂಗೆ ಕೆಂಪಗೆ ಅದೆ!" ಕೆಂಪಗಿದ್ದರೆ ತಾಜಾ, ಬಿಳಿಚಿದ್ದರೆ ಹಳತು. ಇದೇ ಲೆಕ್ಕವನ್ನು ಅವಳು ತನ್ನ ಬಾಯಿಗೂ ಹಾಕಿಕೊಂಡಿದ್ದಾಳೆಂದು ನನಗೇನು ಗೊತ್ತು?

ಕಳೆದ ವರ್ಷ ಅವಳ ಕೆಳಗಿನ ಮುಂದಿನ ಹಲ್ಲುಗಳು ಅಲ್ಲಾಡತೊಡಗಿದವು. ವಸಡು ಊದಿ ಕೆಂಪೇರಿತ್ತು. ದವಾಖಾನೆಗೆ ಹೋಗೋಣ ಎಂದರೆ, "ಎಂತಕ್ಕೆ? ವಸಡು ಕೆಂಪಗೆ ಚಲೋ ಅದೆ" ಎಂದು ಬಾಯಿ ಅಗಲಿಸಿ ತೋರಿಸಿದಳು. ನನಗೆ ಮೈಯೆಲ್ಲ ಉರಿಯಿತು. "ನೀವೆಂತ ಬಂಗಡೆಯಾ ಅತ್ತೆ?" ಎಂದುಬಿಟ್ಟೆ. ಆಮೇಲೆ ಒಂದು ಸಂಜೆ ತಾನಾಗಿಯೇ ಬಾಯಿಬಿಟ್ಟಳು. ಅವಳ ಅವ್ವನ ಹಲ್ಲುಗಳನ್ನು ಒಂದೂ ಬಿಡದೆ ಕಿತ್ತಿದ್ದರಂತೆ. ಆಮೇಲೆ ಆಕೆ ಸಾಯುವವರೆಗೂ ಯಾರೆದುರೂ ನಗಲಿಲ್ಲವಂತೆ. "ನಂದೂ ಎಲ್ಲಾ ಕೀಳ್ತಾರೆ. ನಾ ಬರೂದಿಲ್ಲ." ಪಾಪ, ನಾನು ಹಟ ಎಂದುಕೊಂಡಿದ್ದು ಬರೀ ಹೆದರಿಕೆ.

ಅಂತೂ ಬೈದು, ಮುದ್ದು ಮಾಡಿ, ಬಸ್ಸು ಹತ್ತಿಸಿ ಕಾರವಾರಕ್ಕೆ ಕರೆದೊಯ್ದೆ. ದಂತವೈದ್ಯೆ ಚಿಕ್ಕ ವಯಸ್ಸಿನವಳು. ಪುಟ್ಟ ಕನ್ನಡಿ ಹಿಡಿದು ವಸಡಿನ ಬಣ್ಣ ನೋಡಿದಳು, ಒಂದೊಂದೇ ಹಲ್ಲನ್ನು ಮೆಲ್ಲಗೆ ಅಲ್ಲಾಡಿಸಿದಳು. ಆಮೇಲೆ ಗೆರೆಗಳಿದ್ದ ತೆಳ್ಳನೆಯ ಕಡ್ಡಿಯನ್ನು ಹಲ್ಲು, ವಸಡಿನ ನಡುವಿನ ಸಂದಿಗೆ ಇಳಿಸಿ, ಎಷ್ಟು ಆಳ ಹೋಗುತ್ತದೆಂದು ಅಳೆಯುತ್ತ ಸಹಾಯಕಿಗೆ ಹೇಳುತ್ತ ಹೋದಳು: "ಮೂರು... ಮೂರು... ಆರು... ಏಳು." ಕಡ್ಡಿ ತಾಗಿದಲ್ಲೆಲ್ಲ ನೆತ್ತರು.

"ಮೂರು ಮಿಲಿಮೀಟರ್ ತನಕ ಅಡ್ಡಿಲ್ಲಮ್ಮ. ಅದಕ್ಕಿಂತ ಆಳ ಹೋದ್ರೆ ಒಳಗೆ ಹಲ್ಲು ಹಿಡಿದಿರೋ ಎಲುಬು ಕರಗ್ತಾ ಉಂಟು ಅಂತ. ಒಳ್ಳೆ ವಸಡು ತಿಳಿ ಗುಲಾಬಿ ಇರ್ತದೆ. ಇಷ್ಟು ಕೆಂಪಾದ್ರೆ ಕಾಯಿಲೆ."

"ಅಯ್ಯೋ ದೇವ್ರೇ, ಮೀನಿಗೆ ಪೂರಾ ಉಲ್ಟಾ!" ಎಂದಳು ಅತ್ತೆ. ವೈದ್ಯೆ ನಕ್ಕಳು, ಅತ್ತೆ ನಗಲಿಲ್ಲ. "ಎಲ್ಲಾ ಕೀಳ್ತ್ಯಾ ಮಗಾ?" ಎಂದು ಕೇಳಿದಳು.

ಎಕ್ಸ್‌ರೇ ನೋಡಿದ ವೈದ್ಯೆ, ಎರಡು ಹಲ್ಲು ಉಳಿಯುವುದಿಲ್ಲ, ಮಿಕ್ಕವನ್ನು ಬೇರಿನವರೆಗೆ ಕ್ಲೀನ್ ಮಾಡಿ, ಮನೆಯಲ್ಲೂ ಸರಿಯಾಗಿ ತಿಕ್ಕಿದರೆ ಉಳಿಸಿಕೊಳ್ಳಬಹುದು ಎಂದಳು. ಆ ಎರಡಕ್ಕೂ ಅತ್ತೆ ಚೌಕಾಸಿಗೆ ನಿಂತಳು: "ಒಂದು ತೆಗಿ, ಒಂದು ಬಿಡು." ವೈದ್ಯೆ ಜಗ್ಗಲಿಲ್ಲ. ಕಡೆಗೆ ಅತ್ತೆ ಒಪ್ಪಿದಾಗ ಅವಳ ಕಣ್ಣಲ್ಲಿ ನೀರಿತ್ತು.

ಕುರ್ಚಿಯಿಂದ ಇಳಿದವಳೇ ನನ್ನ ರಟ್ಟೆ ಹಿಡಿದು ಮುಂದಕ್ಕೆ ನೂಕಿದಳು. "ನನ್ನ ಸೊಸೆದೂ ನೋಡು. ತಿಕ್ಕಿ ಉಗುಳೂವಾಗ ಕೆಂಪಗಿರ್ತದೆ. ಚಲೋದೇ ಅಂದ್ಕಂಡಿದ್ದೆ ನಾ." ಬ್ರಶ್ ಮಾಡುವಾಗ ಎಲ್ಲರಿಗೂ ರಕ್ತ ಬರುತ್ತದೆ ಎಂದುಕೊಂಡಿದ್ದೆ ನಾನು. ಅವಳು ಅದನ್ನೆಲ್ಲ ಗಮನಿಸಿದ್ದಾಳೆಂಬುದೇ ನನಗೆ ಗೊತ್ತಿರಲಿಲ್ಲ.

ಕುರ್ಚಿಯಲ್ಲಿ ಒರಗಿ ಬಾಯಿ ತೆರೆದೆ. "ಎರಡು, ಮೂರು, ನಾಲ್ಕು" ಎಂದಳು ವೈದ್ಯೆ. ನಾಲ್ಕು ಎಂದಿದ್ದೇ ತಡ, ಅತ್ತೆ ಧಾವಿಸಿ ಬಂದು ವೈದ್ಯೆಯ ಕೈಯನ್ನೇ ಹಿಡಿದುಬಿಟ್ಟಳು.

"ಸಣ್ಣ ಪ್ರಾಯ ಇವಳದ್ದು. ಒಂದೂ ಕೀಳ್ಬೇಡ ಮಗಾ. ಬೇಕಾದ್ರೆ ನಂದೇ ಇನ್ನೊಂದೆರಡು ಕಿತ್ಕೋ."