ಕುದುರೆಯ ಗೊರಸು

ರೋಣದ ಕಡೆಯ ನಮ್ಮೂರು ಕೆರೆಯ ಏರಿಯ ಕೆಳಗೆ ತಗ್ಗಿನಲ್ಲಿತ್ತು. ಕೆರೆಯಂಚಿಗೆ ಕುದುರೆಸವಾರನನ್ನು ಕೆತ್ತಿದ ಹಳೆಯ ವೀರಗಲ್ಲು; ಊರಿಗೆ ಅದೇ ದೇವರು. ನೀರು ಆ ಕುದುರೆಯ ಗೊರಸು ಮುಟ್ಟಿದರೆ ಕೋಡಿಯ ಮಣ್ಣು ಕಡಿದು ಹರಿಯಬಿಡಬೇಕು, ಇಲ್ಲವಾದರೆ ಏರಿ ಒಡೆಯುತ್ತದೆ. ಅಜ್ಜಂದಿರ ಕಾಲದಿಂದ ಇದೇ ಅಳತೆ.

ಐವತ್ತರ ದಶಕದ ಒಂದು ಮಳೆಗಾಲ. ಮೂರು ದಿನವಾದರೂ ಮಳೆ ಬಿಟ್ಟಿರಲಿಲ್ಲ. ಏರಿಯ ಮೇಲೆ ಕಾಯುತ್ತಿದ್ದ ಹಿರಿಯರು ಕಲ್ಲು ನೋಡಿ, “ಗೊರಸಿಗೆ ಇನ್ನೂ ಮೊಳ ಐತಿ, ಅಂಜಬ್ಯಾಡ್ರಿ” ಅಂದರು. ಕುಡಿಯುವ ನೀರು ಬಿಡಲು ಯಾರಿಗೂ ಮನಸ್ಸಿರಲಿಲ್ಲ.

ನನ್ನಜ್ಜಿ ಮಾತ್ರ, ಜೋಳ ತುಂಬಿಡಲು ನೆಲದಲ್ಲಿ ತೋಡಿದ ನಮ್ಮ ಖಾಲಿ ಹಗೇವಿನೊಳಗೆ ಒಂದು ಕಲ್ಲು ಹಾಕಿದಳು. ನೆಲದಡಿಯಿಂದ ನೀರಿನ ಸಪ್ಪಳ ಬಂತು; ಕೆರೆ ಒಳಗೊಳಗೇ ಜಿನುಗಿ ಅಲ್ಲಿಗೆ ಮುಟ್ಟಿತ್ತು. ನನ್ನ ಕೈ ಹಿಡಿದು ಮಳೆಯಲ್ಲೇ ಏರಿ ಹತ್ತಿದಳು. ಕಾಲಡಿಯ ಮಣ್ಣು ಮೆತ್ತಗಾಗಿತ್ತು.

“ಹೋದ ಬ್ಯಾಸಗ್ಯಾಗ ಈ ಕಲ್ಲ ಕಿತ್ತು ಎತ್ತರದ ಕಟ್ಟಿ ಮ್ಯಾಲ ನಿಲ್ಲಿಸಿದವರು ನೀವ ಅಲ್ಲೇನ್ರಿ?” ಎಂದು ಹಿರಿಯರನ್ನು ಕೇಳಿದಳು. “ದೇವರನ್ನ ಮ್ಯಾಲ ಏರಿಸಿದ್ರಿ. ನೀರಿಗೆ ಯಾರ ಹೇಳ್ಯಾರ?”

ಹಿರಿಯರು ಗುದ್ದಲಿ ಹಿಡಿದು ಕೋಡಿಗೆ ಓಡಿದರು. ಏರಿ ಉಳಿಯಿತು.

ಮರುದಿನ ಅದೇ ಹಿರಿಯರು, ದೇವರೇ ಊರು ಕಾಯ್ದನೆಂದು ಆ ಕಲ್ಲಿಗೇ ಕಾಯಿ ಒಡೆದರು. ಅಜ್ಜಿಗೆ ಪ್ರಸಾದವೆಂದು ಒಂದು ಚೂರು ಕಳಿಸಿದರು.