ಮೇಕೆ ವಕೀಲನ ದನಿ

ಎಂಬತ್ತರ ದಶಕದ ಆರಂಭದ ವರ್ಷಗಳು. ಮದರಾಸಿನ ಒಂದು ಸ್ಟುಡಿಯೋದಲ್ಲಿ ನಾನು ಸಹಾಯಕ ಧ್ವನಿಮುದ್ರಕನಾಗಿದ್ದೆ. ಮಕ್ಕಳ ಚಿತ್ರಗಳಿಗೆ ನೆರವು ನೀಡುತ್ತಿದ್ದ ಸಂಸ್ಥೆಯೊಂದಕ್ಕಾಗಿ ಶ್ರೀಪತಿ ಎಂಬ ನಿರ್ದೇಶಕರು ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇಪ್ಪತ್ತು ನಿಮಿಷದ ಹಾಸ್ಯಚಿತ್ರ ತೆಗೆಯಲು ಹೊರಟಿದ್ದರು. ‘ನೀನು ಆ ಕಡೆಯವನೇ ಅಲ್ಲವೇ, ಹೋಗಿ ಬಾ’ ಎಂದು ನಮ್ಮ ಮುಖ್ಯಸ್ಥರು ನನ್ನನ್ನು ಅವರ ಜೊತೆ ಕಳಿಸಿದರು. ನನ್ನೂರು ಅದೇ ಮಂಡ್ಯ ಜಿಲ್ಲೆಯ ಬಸರಾಳಿನ ಹತ್ತಿರ. ಊರ ಕಡೆಯ ಕೆಲಸವೆಂದು ನಾನು ಖುಷಿಯಿಂದಲೇ ಹೊರಟೆ.

ಕಥೆ ಸರಳವಾದದ್ದು. ಶಾಲೆಯ ಮೇಷ್ಟ್ರು ಬರೆದಿಟ್ಟ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಒಂದು ಮೇಕೆ ತಿಂದುಬಿಡುತ್ತದೆ. ಅದನ್ನು ಮಾರಿಬಿಡಿ ಎಂದು ಮೇಷ್ಟ್ರು ಹಟ ಹಿಡಿಯುತ್ತಾರೆ. ಪರೀಕ್ಷೆ ತಪ್ಪಿಸಿದ ಮೇಕೆಯನ್ನು ಉಳಿಸಿಕೊಳ್ಳಲು ಮಕ್ಕಳು ತಾವೇ ಒಂದು ಕೋರ್ಟು ನಡೆಸುತ್ತಾರೆ. ಪಾತ್ರಕ್ಕೆ ಪೇಟೆಯ ಮಕ್ಕಳನ್ನು ಕರೆತರುವುದು ಬೇಡ, ಊರ ಮಕ್ಕಳೇ ಸಾಕು ಎಂದು ಶ್ರೀಪತಿಯವರು ನಿರ್ಧರಿಸಿದ್ದರು. ಜಡ್ಜ್ ಆಗಿದ್ದವಳು ಭಾಗ್ಯ, ಆ ಊರಿನ ಮರಿಗೌಡರ ಮಗಳು. ಮೇಕೆಯ ಪರ ವಕೀಲ ನಂಜುಂಡ. ತಂದೆಯಿಲ್ಲದ ಹುಡುಗ, ತಾಯಿ ಕೂಲಿಗೆ ಹೋಗುತ್ತಿದ್ದರು. ಇಬ್ಬರಿಗೂ ಒಂಬತ್ತು ವರ್ಷದ ಆಸುಪಾಸು.

ಇಲ್ಲಿ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಆಗಿನ ಕ್ಯಾಮೆರಾಗಳು ಓಡುವಾಗ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿದ್ದವು. ಅದರಿಂದಾಗಿ ಶೂಟಿಂಗ್ ಜಾಗದಲ್ಲಿ ಮುದ್ರಿಸಿಕೊಂಡ ಮಾತು ಚಿತ್ರಕ್ಕೆ ಬಳಕೆಯಾಗುತ್ತಿರಲಿಲ್ಲ. ಯಾರು ಯಾವಾಗ ಏನು ಹೇಳಿದರು ಎಂಬ ಗುರುತಿಗಾಗಿ ಮಾತ್ರ ಅದನ್ನು ಟೇಪಿನಲ್ಲಿ ಹಿಡಿದಿಡುತ್ತಿದ್ದೆವು. ಗೈಡ್ ಟ್ರ್ಯಾಕ್ ಎನ್ನುತ್ತಿದ್ದುದು ಅದಕ್ಕೇ. ಆಮೇಲೆ ಸ್ಟುಡಿಯೋದಲ್ಲಿ, ಪರದೆ ಮೇಲಿನ ತುಟಿ ನೋಡಿಕೊಂಡು ಹೊಸದಾಗಿ ಮಾತಾಡಿಸುವುದು ಡಬ್ಬಿಂಗ್.

ಶಿವನಸಮುದ್ರದ ವಿದ್ಯುತ್ ಕೇಂದ್ರದ ವಸತಿಯಲ್ಲಿ ನಮ್ಮ ಬಿಡಾರ. ಬೆಳಿಗ್ಗೆ ವ್ಯಾನಿನಲ್ಲಿ ಹಳ್ಳಿಗೆ ಹೋಗುತ್ತಿದ್ದೆವು. ಮೊದಲೆರಡು ದಿನ ಮಕ್ಕಳು ಬರೆದುಕೊಟ್ಟ ಮಾತುಗಳನ್ನು ಪಾಠದಂತೆ ಒಪ್ಪಿಸಿದರು. ನಗು ಹುಟ್ಟಲಿಲ್ಲ. ಮೂರನೆಯ ದಿನ ಶ್ರೀಪತಿಯವರು ಹಾಳೆಗಳನ್ನು ಮಡಿಸಿ ಜೇಬಿಗೆ ಸೇರಿಸಿ, ‘ನಿಮಗೆ ಹೇಗೆ ಬರುತ್ತೋ ಹಾಗೆ ಮಾತಾಡಿ’ ಎಂದರು.

ಹೊಂಗೆ ಮರದ ಕೆಳಗೆ ಕೋರ್ಟು ಕೂಡಿತ್ತು. ನಂಜುಂಡ ಮೇಕೆಯ ಕೊರಳಿಗೆ ಕೈ ಹಾಕಿಕೊಂಡು ನಿಂತ.

‘ಸಾಮಿ, ಇದು ಅಸಿದಿತ್ತು, ತಿಂತು. ಅಸ್ಕಂಡೋರ್ನೆಲ್ಲ ಜೈಲಿಗಾಕುದ್ರೆ ಊರಲ್ಲಿ ಯಾರೂ ಇರಾಕಿಲ್ಲ.’

ಅಷ್ಟರಲ್ಲಿ ಮೇಕೆ ಅವನ ಅಂಗಿಯ ತುದಿಯನ್ನೇ ಜಗಿಯತೊಡಗಿತು. ಭಾಗ್ಯ ಗಂಭೀರವಾಗಿ, ‘ವಕೀಲಪ್ಪ, ಮೊದ್ಲು ನಿನ್ ಕಕ್ಷಿದಾರ್ನ ಬಾಯಿ ಬುಡ್ಸು. ತೀರ್ಪು ಆಮೇಲೆ ಏಳ್ತೀನಿ’ ಎಂದಳು.

ನಾನು ಹೆಡ್‌ಫೋನ್ ಹಾಕಿಕೊಂಡು ಬಾಯಿಗೆ ಕರವಸ್ತ್ರ ತುರುಕಿಕೊಂಡಿದ್ದೆ. ನಕ್ಕರೆ ಟೇಪಿನಲ್ಲಿ ಬೀಳುತ್ತದೆ. ಕ್ಯಾಮೆರಾಮನ್‌ನ ಭುಜ ಅಲುಗುತ್ತಿತ್ತು.

ಅಂದು ಸಂಜೆ ಟೇಪನ್ನು ಕೇಳಿಸಿಕೊಂಡ ಶ್ರೀಪತಿಯವರು, ‘ಇದನ್ನೇ ಉಳಿಸಿಕೊಳ್ಳೋಕೆ ಆಗಲ್ವೇನಯ್ಯಾ?’ ಎಂದು ಕೇಳಿದರು. ಪ್ರಯತ್ನಿಸೋಣ ಎಂದೆ. ಮರಿಗೌಡರ ಮನೆಯಿಂದ ಕಂಬಳಿಗಳನ್ನು ತಂದು ಕ್ಯಾಮೆರಾಕ್ಕೆ ಸುತ್ತಿದೆವು. ಅದನ್ನು ಆದಷ್ಟು ದೂರ ಇಟ್ಟು, ಮೈಕನ್ನು ಮಕ್ಕಳ ತಲೆಯ ಮೇಲೆಯೇ ಕೊಂಬೆಗೆ ಕಟ್ಟಿದೆ. ಮಕ್ಕಳು ನನ್ನನ್ನು ‘ಮೈಕಣ್ಣ’ ಎಂದು ಕರೆಯತೊಡಗಿದರು. ಮೊದಲಿಂದ ಮತ್ತೆ ತೆಗೆದ ಕೋರ್ಟಿನ ದೃಶ್ಯವೆಲ್ಲ ಹಾಗೆಯೇ ಮುದ್ರಣವಾಯಿತು. ಅಲ್ಲಲ್ಲಿ ಕಾಗೆ ಇತ್ತು, ಎತ್ತಿನ ಗಾಡಿಯ ಸದ್ದಿತ್ತು. ಆದರೆ ಮಾತು ಸ್ವಚ್ಛವಾಗಿತ್ತು. ಅಂಥ ಟೇಪು ಅದಕ್ಕೆ ಮೊದಲು ನನ್ನ ಕೈಯಿಂದ ಬಂದಿರಲಿಲ್ಲ.

ಮದರಾಸಿನಲ್ಲಿ, ಸಂಕಲನಗೊಂಡ ಚಿತ್ರವನ್ನು ಸಂಸ್ಥೆಯ ಅಧಿಕಾರಿಯೊಬ್ಬರಿಗೆ ತೋರಿಸಿದೆವು. ಅವರು ನಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ಮೂರು ಕಡೆ ಜೋರಾಗಿಯೇ ನಕ್ಕರು. ದೀಪ ಹತ್ತಿದ ಮೇಲೆ ಮಾತ್ರ ಮುಖ ಬದಲಾಯಿತು.

‘ಚೆನ್ನಾಗಿದೆ. ಆದರೆ ಇದು ರಾಜ್ಯದ ಎಲ್ಲ ಶಾಲೆಗಳಿಗೂ ಹೋಗುವ ಚಿತ್ರ. ಮಕ್ಕಳು ಇದನ್ನು ನೋಡಿ ಅಸಿದಿತ್ತು ಅಂತ ಕಲಿತರೆ ಮೇಷ್ಟ್ರುಗಳು ನಮ್ಮನ್ನು ಕೇಳುತ್ತಾರೆ. ಶುದ್ಧ ಕನ್ನಡದಲ್ಲಿ ಡಬ್ ಮಾಡಿಸಿ.’

ಶ್ರೀಪತಿಯವರು ವಾದಿಸಿದರು. ಮಂಡ್ಯದ ಕಡೆ ಹೀಗೆಯೇ ಮಾತಾಡುತ್ತಾರೆ ಸಾರ್, ನಾನೂ ಹೀಗೆಯೇ ಬೆಳೆದವನು ಎಂದು ನಾನೂ ನಡುವೆ ಹೇಳಿದೆ. ಅಧಿಕಾರಿ ನನ್ನತ್ತ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ, ‘ಈಗ ನೀವು ಹಾಗೆ ಮಾತಾಡುತ್ತಿಲ್ಲವಲ್ಲ’ ಎಂದರು. ಒಪ್ಪದಿದ್ದರೆ ಚಿತ್ರ ಡಬ್ಬದಲ್ಲೇ ಉಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಶ್ರೀಪತಿಯವರು ಒಂದು ಮಾತನ್ನು ಮಾತ್ರ ಗೆದ್ದರು: ಡಬ್ಬಿಂಗನ್ನು ಆ ಮಕ್ಕಳ ಕೈಲೇ ಮಾಡಿಸಿ ನೋಡುವುದು.

ಮರಿಗೌಡರು ಇಬ್ಬರು ಮಕ್ಕಳನ್ನೂ ಕರೆದುಕೊಂಡು ರೈಲಿನಲ್ಲಿ ಬಂದರು. ಡಬ್ಬಿಂಗ್ ಕೋಣೆ ದೊಡ್ಡವರಿಗೇ ಉಸಿರು ಕಟ್ಟಿಸುವಂಥದ್ದು. ಬಾಗಿಲು ಹಾಕಿದರೆ ಹೊರಗಿನ ಒಂದು ಸದ್ದೂ ಒಳಗೆ ಬರುವುದಿಲ್ಲ. ಕತ್ತಲೆಯಲ್ಲಿ ಚಿತ್ರದ ಒಂದು ತುಣುಕನ್ನು ತುದಿಗೆ ತುದಿ ಅಂಟಿಸಿ ಮತ್ತೆ ಮತ್ತೆ ತಿರುಗಿಸುತ್ತಾರೆ. ತುಟಿ ತೆರೆಯುವ ಕ್ಷಣಕ್ಕೆ ಸರಿಯಾಗಿ ಮಾತು ಬರಬೇಕು. ಪರದೆಯ ಮೇಲೆ ನಂಜುಂಡ ನಗುನಗುತ್ತ ಮೇಕೆಯ ಪರ ವಾದಿಸುತ್ತಿದ್ದ. ಮೈಕಿನ ಮುಂದೆ ಸ್ಟೂಲಿನ ಮೇಲೆ ನಿಂತಿದ್ದ ನಂಜುಂಡ ತನ್ನ ಅಂಗಿಯ ತುದಿಯನ್ನು ಸುರುಳಿ ಸುತ್ತುತ್ತಿದ್ದ.

‘ಹಸಿದಿತ್ತು. ಹ. ಹ ಅನ್ನು’ ಎಂದು ಉಚ್ಚಾರಣೆ ತಿದ್ದಲು ಬಂದಿದ್ದವರು ಹೇಳಿಕೊಟ್ಟರು.

‘ಹ’ ಎಂದ ನಂಜುಂಡ.

‘ಹಸಿದಿತ್ತು.’

‘ಅಸಿದಿತ್ತು.’

ತುಣುಕು ತಿರುಗುತ್ತಲೇ ಇತ್ತು. ಆ ‘ಹ’ ಹೊರಬಂದಾಗ ತುಟಿ ತಪ್ಪುತ್ತಿತ್ತು, ತುಟಿ ಕೂಡಿದಾಗ ‘ಹ’ ಬಿದ್ದುಹೋಗುತ್ತಿತ್ತು. ಗಾಜಿನ ಈಚೆ ಗುಂಡಿಗಳ ಮುಂದೆ ನಾನು ಕುಳಿತಿದ್ದೆ. ಅವನ ಉಸಿರಾಟ ನನ್ನ ಹೆಡ್‌ಫೋನಿನಲ್ಲಿ ಕಿವಿಗೆ ಅಂಟಿದಷ್ಟು ಹತ್ತಿರದಲ್ಲಿ ಕೇಳುತ್ತಿತ್ತು. ಒಮ್ಮೆ ಅವನು ಗಾಜಿನತ್ತ ತಿರುಗಿ, ‘ಮೈಕಣ್ಣ, ನಂಗೆ ಬರಾಕಿಲ್ಲ ಕಣಣ್ಣ’ ಎಂದ. ಭಾಗ್ಯ ಅವನಿಗಿಂತ ಚೆನ್ನಾಗಿ ‘ಹ’ ಹೇಳಿದಳು. ಆದರೆ ಹೇಳುವುದರಲ್ಲಿ ಅವಳ ಗಮನವೆಲ್ಲ ಮುಗಿದುಹೋಗಿ, ಜಡ್ಜಿನ ಗತ್ತು ಒಂದಿಷ್ಟೂ ಉಳಿಯಲಿಲ್ಲ.

ಮರುದಿನ ಡಬ್ಬಿಂಗ್ ಕಲಾವಿದೆಯರು ಬಂದರು. ಮಕ್ಕಳ ದನಿ ಕೊಡುವುದರಲ್ಲಿ ನುರಿತ ಇಬ್ಬರು ಹೆಂಗಸರು. ಅವರದೇನೂ ತಪ್ಪಿಲ್ಲ, ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲವನ್ನೂ ಮುಗಿಸಿಕೊಟ್ಟರು. ಊರಿಗೆ ಹೊರಡುವ ರೈಲು ಸಂಜೆಗಿದ್ದದ್ದರಿಂದ ಮಕ್ಕಳು ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತು ಅದನ್ನೆಲ್ಲ ನೋಡಿದರು. ಸೀರೆಯುಟ್ಟ ಒಬ್ಬಾಕೆ ಮೂಗಿನಲ್ಲಿ ಎಳೆದೆಳೆದು, ‘ಸ್ವಾಮೀ, ಇದು ಹಸಿದಿತ್ತು, ಆದ್ದರಿಂದ ತಿಂದಿತು’ ಎಂದರು. ಪರದೆಯ ಮೇಲಿನ ನಂಜುಂಡ ಅದಕ್ಕೆ ಬಾಯಿ ಆಡಿಸಿದ. ಪಕ್ಕದಲ್ಲಿದ್ದ ನಂಜುಂಡ ತುಟಿ ಬಿಗಿದುಕೊಂಡಿದ್ದ.

ಮರಿಗೌಡರು ಹೊರಡುವಾಗ ನನ್ನನ್ನು ಬದಿಗೆ ಕರೆದರು. ‘ಐಕ್ಳು ಬಾಯ್ತುಂಬ ಮಾತಾಡಿದ್ವು. ಅದ್ರಾಗೆ ತಪ್ಪೇನಿತ್ತು, ಏಳಪ್ಪ’ ಎಂದು ಕೇಳಿದರು. ತಪ್ಪೇನೂ ಇರಲಿಲ್ಲ ಗೌಡ್ರೇ ಎಂದೆ. ಅವರು ತಲೆಯಾಡಿಸಿ ಮಕ್ಕಳ ಕೈ ಹಿಡಿದು ನಡೆದರು.

ನಾನು ಆ ಟೇಪಿನ ಒಂದು ನಕಲನ್ನಾದರೂ ತೆಗೆದಿಟ್ಟುಕೊಳ್ಳಲು ಅನುಮತಿ ಕೇಳಿದೆ. ಎರಡು ಸಲ ಕೇಳಿದೆ, ಸಿಗಲಿಲ್ಲ. ಟೇಪು ಆಮದಿನ ಸಾಮಾನು, ಅದರ ಬಳಕೆಗೆ ಕಟ್ಟುನಿಟ್ಟು. ಚಿತ್ರ ಮುಗಿದ ಮೇಲೆ ಗೈಡ್ ಟ್ರ್ಯಾಕಿನ ಟೇಪುಗಳನ್ನು ಅಳಿಸಿ ಬೇರೆ ಚಿತ್ರಕ್ಕೆ ಕೊಡುವುದು ಅಲ್ಲಿನ ಪದ್ಧತಿ. ಆ ವಾರ ನಾನು ಬೇರೊಂದು ಶೂಟಿಂಗಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅಳಿಸಿಯಾಗಿತ್ತು.

ಚಿತ್ರವನ್ನು ಊರಿನವರಿಗೆ ತೋರಿಸಲು ಶ್ರೀಪತಿಯವರು ಮದ್ದೂರಿನ ಟಾಕೀಸೊಂದರಲ್ಲಿ ಬೆಳಗಿನ ಆಟ ಏರ್ಪಡಿಸಿದರು. ಹಳ್ಳಿಯವರು ಲಾರಿಯಲ್ಲಿ ಬಂದಿಳಿದರು. ಮೇಕೆ ಕಾಣಿಸಿದಾಗ ಟಾಕೀಸು ಹಾರಿಹೋಗುವ ಹಾಗೆ ನಕ್ಕರು. ಪರದೆಯ ಮೇಲೆ ನಂಜುಂಡ ಬಾಯಿ ತೆರೆದ. ನಗು ಅಲ್ಲಿಗೇ ನಿಂತಿತು. ನಂಜುಂಡನ ತಾಯಿ ನನ್ನ ಹಿಂದಿನ ಸಾಲಿನಲ್ಲಿದ್ದರು. ‘ಇದ್ಯಾರ್ದವ್ವ ಗಂಟ್ಲು?’ ಎಂದು ಪಕ್ಕದವರನ್ನು ಕೇಳಿದರು. ಸ್ವಲ್ಪ ಹೊತ್ತಿನಲ್ಲಿ ಮುಂದಿನ ಸಾಲಿನ ಹುಡುಗರು ಮತ್ತೆ ನಗತೊಡಗಿದರು. ಅದು ಬೇರೆ ನಗು. ಆಟ ಬಿಟ್ಟಾಗ ಹೊರಗೆ ಒಬ್ಬ ಮೂಗು ಹಿಡಿದುಕೊಂಡು, ‘ಸ್ವಾಮೀ, ಆದ್ದರಿಂದ ತಿಂದಿತು’ ಎನ್ನುತ್ತಿದ್ದ. ನಂಜುಂಡ ತಾಯಿಯ ಸೆರಗಿನ ಹಿಂದೆ ಲಾರಿ ಹತ್ತಿದ. ಅವನನ್ನು ನಾನು ನೋಡಿದ್ದು ಅದೇ ಕೊನೆ.

ಆಮೇಲೆ ಕೆಲಸ ನನ್ನನ್ನು ಊರಿಂದೂರಿಗೆ ಒಯ್ದಿತು. ನಿವೃತ್ತನಾಗಿ ಮಂಡ್ಯದಲ್ಲಿ ನೆಲೆಸಿದ್ದೇನೆ. ಶ್ರೀಪತಿಯವರು ಈಗಿಲ್ಲ. ಇತ್ತೀಚೆಗೆ ಹಳೆಯ ಚಿತ್ರಗಳನ್ನು ಶುಚಿಗೊಳಿಸಿ ಕಾಪಾಡುವ ತಂಡವೊಂದರವರು ಫೋನ್ ಮಾಡಿದರು. ಮೇಕೆಯ ಚಿತ್ರದ ನೆಗೆಟಿವ್ ಸಿಕ್ಕಿದೆ, ಬಿಂಬ ಅಚ್ಚುಕಟ್ಟಾಗಿ ಉಳಿದಿದೆ, ಮಕ್ಕಳ ಮೂಲ ದನಿ ಎಲ್ಲಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಮಂಡ್ಯದ ಈಗಿನ ಮಕ್ಕಳಿಂದ ಆ ಭಾಷೆಯಲ್ಲೇ ಹೊಸದಾಗಿ ಡಬ್ ಮಾಡಿಸಬಹುದು, ಅಂದು ನಟಿಸಿದ್ದ ಮಕ್ಕಳನ್ನೊಮ್ಮೆ ಕೇಳಿ ನೋಡಿ ಎಂದು, ಚಿತ್ರದ ಒಂದು ಪ್ರತಿಯನ್ನು ಕಳಿಸಿಕೊಟ್ಟರು.

ಭಾಗ್ಯ ಈಗ ಮದ್ದೂರು ತಾಲ್ಲೂಕಿನಲ್ಲಿ ಶಾಲೆಯ ಮೇಡಂ. ಮನೆ ಶಿವಪುರದಲ್ಲಿ. ನನ್ನನ್ನು ಕಂಡವಳೇ ಗುರುತು ಹಿಡಿದು, ‘ಮೈಕಣ್ಣ, ಬನ್ನಿ ಒಳಕ್ಕೆ’ ಎಂದಳು. ನಂಜುಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ ಎಂದು ಅವಳಿಂದಲೇ ತಿಳಿಯಿತು. ಲಾರಿ ಡ್ರೈವರ್ ಆಗಿದ್ದನಂತೆ. ‘ಆ ಪಿಚ್ಚರ್ ಬಂದ್ಮೇಲೆ ಸ್ಕೂಲ್ನಾಗೆ ಎದ್ದು ನಿಂತು ಪಾಠ ಓದ್ತಿರ್ಲಿಲ್ಲ ಕಣಣ್ಣ ಅವ್ನು. ಎಲ್ಲಾರೂ ಮೂಗಿಡ್ಕಳೋರು. ಬಾಯಿ ಮುಚ್ಕಂಡೇ ಬೆಳ್ದ’ ಎಂದಳು. ಮಂಡ್ಯದಲ್ಲಿ ನರ್ಸ್ ಆಗಿರುವ ಅವನ ಮಗಳು ಚೈತ್ರಾಗೆ ಫೋನ್ ಮಾಡಿ ಕರೆಸಿದಳು.

ಹೊಸ ಡಬ್ಬಿಂಗಿನ ವಿಚಾರ ಹೇಳಿದೆ. ಭಾಗ್ಯ ತಲೆ ಅಲ್ಲಾಡಿಸಿದಳು.

‘ಬ್ಯಾಡಣ್ಣ. ನಮ್ ಬಾಯಿಗೆ ಬ್ಯಾರೇವ್ರ ದನಿ ಆಕಿದ್ದು ಒಂದ್ಸಲುಕ್ಕೆ ಸಾಕು.’

ಚೈತ್ರಾ ಬಂದಳು. ತಂದೆಯ ಚಿಕ್ಕಂದಿನ ಒಂದು ಫೋಟೋವನ್ನೂ ಅವಳು ನೋಡಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಚಿತ್ರ ಹಾಕಿದಾಗ ಮೊದಲು ಮುಖ ಅರಳಿತು, ‘ನಮ್ಮಪ್ಪಾಜಿ ಕಣ್ಣು ಹಂಗೇ ಇತ್ತು’ ಎಂದಳು. ಅವನು ಮಾತಾಡಿದ ತಕ್ಷಣ ನನ್ನತ್ತ ತಿರುಗಿದಳು.

‘ಸರ್, ಅಪ್ಪಾಜಿ ಮಾತಾಡಿದ್ದು ಎಲ್ಲೂ ಇಲ್ವಾ?’

ಇಲ್ಲಮ್ಮ ಎಂದೆ. ಅಳಿಸಿದ ಟೇಪಿನ ಕಥೆಯನ್ನು ಪೂರ್ತಿ ಹೇಳಿದೆ. ಚಿತ್ರದ ದನಿಯನ್ನು ಸೊನ್ನೆಗೆ ಇಳಿಸಿ, ಮೊದಲಿಂದ ಹಾಕಿ, ಅವನು ಬಾಯಿ ತೆರೆದಲ್ಲೆಲ್ಲ ಅವನು ನಿಜಕ್ಕೂ ಆಡಿದ್ದ ಮಾತನ್ನು ನಾನು ಹೇಳುತ್ತ ಹೋದೆ. ಮರೆತ ಕಡೆ ಭಾಗ್ಯ ಸೇರಿಸಿದಳು. ಚೈತ್ರಾ ನಕ್ಕಳು, ಒಂದೆರಡು ಕಡೆ ಗಟ್ಟಿಯಾಗಿಯೇ.

ಕೊನೆಯಲ್ಲಿ ಒಂದು ದೃಶ್ಯವಿದೆ. ತೀರ್ಪು ಮುಗಿದು ಎಲ್ಲರೂ ಚದುರಿದ ಮೇಲೆ ನಂಜುಂಡ ಮೇಕೆಯ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಾನೆ, ತಾನೇ ನಗುತ್ತಾನೆ. ಡಬ್ ಆದ ಚಿತ್ರದಲ್ಲಿ ಅಲ್ಲಿ ಮಾತಿಲ್ಲ, ಕೊಳಲು ಬರುತ್ತದೆ.

‘ಇಲ್ಲೇನಂದ್ರು?’ ಎಂದಳು ಚೈತ್ರಾ.

ನಾನು ಭಾಗ್ಯಳನ್ನು ನೋಡಿದೆ. ‘ನಾನು ಅಷ್ಟೊತ್ಗೆ ಮನೆಗೋಗಿದ್ದೆ ಕಣಣ್ಣ’ ಎಂದಳು. ಆ ಪಿಸುಮಾತನ್ನು ಕೇಳಿದ್ದವನು ಹೆಡ್‌ಫೋನ್ ಹಾಕಿದ್ದ ನಾನೊಬ್ಬನೇ. ಕೇಳಿ ನಕ್ಕಿದ್ದೆ ಎಂಬುದು ನೆನಪಿದೆ. ಏನು ಕೇಳಿದೆ ಎಂಬುದು ಇಲ್ಲ. ಚಿತ್ರವನ್ನು ಹಿಂದಕ್ಕೆ ತಿರುಗಿಸಿ ಅವನ ತುಟಿಯನ್ನು ಮತ್ತೆ ನೋಡಿದೆ, ಮತ್ತೆ ನೋಡಿದೆ. ಚೈತ್ರಾ ಕಾಯುತ್ತಿದ್ದಳು. ಬೇಕೆಂದಿದ್ದರೆ ಏನಾದರೂ ಒಂದು ಮಾತನ್ನು ಹೊಂದಿಸಿ ಹೇಳಬಹುದಿತ್ತು. ತುಟಿಗೆ ಮಾತು ಕೂಡಿಸುವುದು ನನಗೆ ಬರುವ ಕೆಲಸವೇ.

‘ಗೊತ್ತಿಲ್ಲಮ್ಮ’ ಎಂದೆ.

ಮನುಷ್ಯರ ಮಾತನ್ನು ಹಿಡಿದಿಡುವ ಉದ್ಯೋಗದಲ್ಲಿ ಆಯಸ್ಸು ಕಳೆದವನು ನಾನು. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದು ನಮ್ಮ ಕೈಯಲ್ಲಿರಲಿಲ್ಲ. ಹೋದದ್ದನ್ನು ಹೋಯಿತು ಎನ್ನುವುದು, ಅದರ ಜಾಗದಲ್ಲಿ ಬೇರೊಂದನ್ನು ತಂದು ಕೂರಿಸದಿರುವುದು, ಇಷ್ಟನ್ನೇ ಆ ಕೆಲಸ ನನಗೆ ಕಲಿಸಿದ್ದು. ಚೈತ್ರಾ ಆ ದೃಶ್ಯವನ್ನು ದನಿಯಿಲ್ಲದೆ ಇನ್ನೊಂದು ಸಲ ಹಾಕಿಕೊಡಿ ಎಂದಳು. ಹಾಕಿಕೊಟ್ಟೆ.