ತಿದ್ದಿದ ಮೇಣ

ಹೈದರಾಬಾದಿನ ನಾಚಾರಂನ ಆ ಎರಕದ ಕಾರ್ಖಾನೆಯಲ್ಲಿ ಮೇಣದ ಕೋಣೆಯಷ್ಟು ತಣ್ಣಗಿನ ಜಾಗ ಇನ್ನೊಂದಿಲ್ಲ. ಹೊರಗೆ ಮೇ ತಿಂಗಳ ಬಿಸಿಲಿಗೆ ತಗಡು ಕಾಯುತ್ತಿದ್ದರೂ ಒಳಗೆ ಸದಾ ಏಸಿ. ಆ ತಂಪು ಮನುಷ್ಯರಿಗಾಗಿ ಅಲ್ಲ, ಮೇಣಕ್ಕಾಗಿ. ಮೌನಪ್ಪ ಹತ್ತೊಂಬತ್ತು ವರ್ಷ ಅಲ್ಲಿ ಕೂತು ಜೆಟ್ ಎಂಜಿನ್ನಿನ ಬ್ಲೇಡುಗಳ ಮೇಣದ ಮಾದರಿಗಳನ್ನು ಕೆತ್ತಿ ನುಣುಪು ಮಾಡಿದವನು. ಹೆಸರು ಮೌನಪ್ಪನಾದರೂ ಬಾಯಿ ಸುಮ್ಮನಿರುವಂಥದ್ದಲ್ಲ. ತೆಲುಗಿನವರ ಹತ್ತಿರ ತೆಲುಗು, ಹಿಂದಿಯವರ ಹತ್ತಿರ ದಖನಿ, ಯಾರೂ ಸಿಗದಿದ್ದರೆ ಮೇಣದ ಜೊತೆಗೇ ಕನ್ನಡ.

ಅವನು ಸುರಪುರ ಸೀಮೆಯ ವಿಶ್ವಕರ್ಮರವನು. ಅಪ್ಪ, ಅಜ್ಜ ಮೇಣದಲ್ಲಿ ದೇವರ ಮುಖ ಮಾಡಿ ಹಿತ್ತಾಳೆ ಹೊಯ್ಯುತ್ತಿದ್ದರು. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ರೂಪ ಬಂದ ಮೇಣವನ್ನು ಮುರಿಯಬಾರದು. ಮೂಗು ಸೊಟ್ಟಗಾದರೆ ತಿದ್ದು, ಕಿವಿ ಬಿದ್ದರೆ ಹಚ್ಚು, ಆದರೆ ಮತ್ತೆ ಮುದ್ದೆ ಮಾಡಬೇಡ. ಹಾಗೆ ಮಾಡಿದವನ ಕೈಗೆ ದೇವರು ಇನ್ನೊಮ್ಮೆ ಒಲಿಯುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಹೊಟ್ಟೆಪಾಡಿಗೆ ಹೈದರಾಬಾದಿಗೆ ಬಂದಾಗ ಮೌನಪ್ಪ ಊರಿನ ಉಳಿ, ಸುತ್ತಿಗೆ ಎಲ್ಲ ಬಿಟ್ಟು ಬಂದ. ಈ ಕಟ್ಟಳೆಯೊಂದು ಮಾತ್ರ ಕೈಬೆರಳಿನಲ್ಲೇ ಉಳಿದುಬಿಟ್ಟಿತ್ತು.

ಕಾರ್ಖಾನೆಯ ಕಟ್ಟಳೆ ಇದಕ್ಕೆ ಪೂರ್ತಿ ತದ್ವಿರುದ್ಧ. ಅಚ್ಚಿನಿಂದ ಬಿಡಿಸುವಾಗ ಮೇಣ ಎಳ್ಳಷ್ಟು ಬಾಗಿದರೂ ಗುಜರಿಯ ಕೆಂಪು ಡಬ್ಬಿಗೆ ಹಾಕಬೇಕು. ಕಾರಣವಿಲ್ಲದೆ ಅಲ್ಲ. ಆ ಬ್ಲೇಡು ಟೊಳ್ಳು. ಒಳಗೆ ತಂಪು ಗಾಳಿ ಹರಿಯದಿದ್ದರೆ ಎಂಜಿನ್ನಿನ ಬೆಂಕಿಗೆ ಲೋಹವೇ ಸೋತುಹೋಗುತ್ತದೆ. ಗಾಳಿಯ ದಾರಿಗಾಗಿ ಮೇಣದ ಹೊಟ್ಟೆಯಲ್ಲಿ ಪಿಂಗಾಣಿಯ ತೆಳುವಾದ ತಿರುಳು ಇಟ್ಟಿರುತ್ತಾರೆ. ಮೇಲೆ ಮಣ್ಣಿನ ಲೇಪ ಕೊಟ್ಟು, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹ ಹೊಯ್ದು, ಕಡೆಗೆ ತಿರುಳನ್ನೂ ಕರಗಿಸುತ್ತಾರೆ. ಬಾಗಿದ ಮೇಣವನ್ನು ನೆಟ್ಟಗೆ ಮಾಡಲು ಹೋದರೆ ಒಳಗಿನ ತಿರುಳು ಬಿರಿಯಬಹುದು. ಬಿರುಕಿನೊಳಗೆ ಲೋಹ ನುಗ್ಗಿ ಗಾಳಿಯ ದಾರಿಗೆ ಅಡ್ಡ ನಿಲ್ಲುತ್ತದೆ.

ಇದೆಲ್ಲ ಮೌನಪ್ಪನಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಆದರೂ ಬಾಗಿದ ಮಾದರಿ ಕೈಗೆ ಬಂದಾಗ ಗಾಜಿನ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದ. ಎರಡೂ ಹೆಬ್ಬೆರಳಿನ ಬಿಸಿ ತಾಗಿಸಿ ಮೆಲ್ಲಗೆ ಒತ್ತಿದರೆ ಮೇಣ ಹೇಳಿದ ಮಾತು ಕೇಳುತ್ತಿತ್ತು. ಅಳತೆಯ ಗೇಜಿಗೆ ಹಚ್ಚಿದರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರುತ್ತಿರಲಿಲ್ಲ. ಬೇರೆಯವರ ಕೆಂಪು ಡಬ್ಬಿ ತುಂಬಿದ್ದು ಕಂಡರೆ “ಕುಂಬಾರಗ ವರುಷ, ದೊಣ್ಣಿಗೆ ನಿಮಿಷ” ಎಂದು ನಗುತ್ತಿದ್ದ. ಅವನ ಡಬ್ಬಿ ಯಾವಾಗಲೂ ಖಾಲಿ. ಅದರ ಹೆಮ್ಮೆಯೂ ಇತ್ತು, ಯಾಕಿರಬಾರದು?

ಎರಕವಾದ ಬ್ಲೇಡುಗಳೆಲ್ಲ ಎಕ್ಸ್‌ರೇ ಕೋಣೆಯಲ್ಲಿ ಸುಭದ್ರಾಳ ಕಣ್ಣೆದುರು ಹಾದುಹೋಗಬೇಕು. ರಾಯಚೂರಿನ ಹೆಣ್ಣುಮಗಳು, ನಲವತ್ತರ ಹತ್ತಿರ ವಯಸ್ಸು. ಹನ್ನೊಂದು ವರ್ಷ ಫಿಲ್ಮು ನೋಡಿ, ಸರಿ ಇದ್ದರೆ ತನ್ನ ಹೆಸರಿನ ಮುದ್ರೆಯ ಸಿಕ್ಕಾ ಒತ್ತಿದವಳು. ಅವಳ ಸಿಕ್ಕಾ ಬಿತ್ತೆಂದರೆ ಇನ್ನೊಬ್ಬರು ನೋಡುವ ಅಗತ್ಯವಿಲ್ಲ ಎನ್ನುವಷ್ಟು ಹೆಸರು. ಕಾರ್ಖಾನೆಯಲ್ಲಿ ಕನ್ನಡದವರು ಇವರಿಬ್ಬರೇ. ಮಧ್ಯಾಹ್ನ ಒಂದೇ ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದರು. ಅವಳಿಗೆ ಇವನು ಕಾಕಾ, ಇವನಿಗೆ ಅವಳು ಅವ್ವ.

ಜೂನ್ ತಿಂಗಳಲ್ಲಿ ಪರೀಕ್ಷೆಗೆ ಓಡಿಸುತ್ತಿದ್ದ ಎಂಜಿನ್ನಿನೊಳಗೆ ಒಂದು ಬ್ಲೇಡು ಮುರಿದು, ಅಕ್ಕಪಕ್ಕದವನ್ನೆಲ್ಲ ಎಳೆದುಕೊಂಡು ಹೋಯಿತು. ಎಂಜಿನ್ನು ಹಾಳಾಯಿತು, ಗೋಡೆಯಾಚೆ ಇದ್ದ ಜನ ಬದುಕಿದರು. ಮುರಿದ ಬ್ಲೇಡಿನ ಬುಡ ಚಕ್ರದಲ್ಲೇ ಕಚ್ಚಿಕೊಂಡಿತ್ತು, ನಂಬರು ಸಿಕ್ಕಿತು. ಹಳೆಯ ಫಿಲ್ಮು ತೆಗೆಸಿ ಭೂತಗನ್ನಡಿ ಹಿಡಿದರೆ ಗಾಳಿಯ ದಾರಿಗೆ ಅಡ್ಡಲಾಗಿ ಒಂದು ಮಸುಕು ಗೆರೆ. ಫಿಲ್ಮಿನ ಮೂಲೆಯಲ್ಲಿ ಸುಭದ್ರಾಳ ಸಿಕ್ಕಾ. ಮೇಣದ ಮಾದರಿಗೆ ಮೌನಪ್ಪ ಬರೆದ ಚೀಟಿಯಲ್ಲಿ “ಅಳತೆ ಸರಿ” ಎಂದಿತ್ತು, ಅವನನ್ನು ಯಾರೂ ಕೇಳಲೇ ಇಲ್ಲ.

ಅಂದೇ ಅವಳ ಸಿಕ್ಕಾ ಕಿತ್ತುಕೊಂಡು ಪ್ಯಾಕಿಂಗಿಗೆ ಹಾಕಿದರು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಹಿಮಾಯತ್‌ನಗರದ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಳು.

“ಕಣ್ಣು ಛಲೋ ಅದಾವಂತ್ರಿ ಕಾಕಾ,” ಎಂದಳು ಬುತ್ತಿ ಬಿಚ್ಚದೆ. “ಕೆಟ್ಟಾವು ಅಂದಿದ್ರ ಭಾಳ ಛಲೋ ಆಗತಿತ್ತು. ಕಣ್ಣು ಛಲೋ ಇದ್ದೂ ಕಾಣಲಿಲ್ಲ ಅಂದ್ರ ಏನಂತ ತಿಳಕೊಳ್ಳಲಿ?”

ಮೌನಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ಮರಳಿ ಬುತ್ತಿಗೆ ಇಟ್ಟ. ಆ ನಂಬರು ಅವನಿಗೆ ನೆನಪಿತ್ತು. ಆ ಮಾದರಿ ಅಂಚಿನಲ್ಲಿ ಬಾಗಿತ್ತು, ಒತ್ತುವಾಗ ಬೆರಳಿಗೆ ಏನೋ ಚಿಟ್ಟೆಂದ ಹಾಗಾಗಿತ್ತು. ಆಗ ಅದನ್ನು ತನ್ನ ಬೆರಳಿನ ಗೆಣ್ಣಿನ ನೆಟಿಕೆ ಎಂದುಕೊಂಡು ಸುಮ್ಮನಾಗಿದ್ದ.

ಎಂಟು ದಿನ ಒದ್ದಾಡಿದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಹಾದಿ ಹುಡುಕಿದ. ಹೆಸರಿಲ್ಲದ ಚೀಟಿ ಬರೆಯಲೇ? ಬರೆದ, ಹರಿದ. ಹೆಂಡತಿ ಪಾರ್ವತಿಬಾಯಿಗೆ ಹೇಳಿದ. ಅವಳು ಹಿಟ್ಟು ನಾದುವುದು ನಿಲ್ಲಿಸಿ, “ಆ ಹೆಣ್ಣುಮಗಳ ಹೊಟ್ಟಿ ಉರಿಸಿ ನೀವು ಹೆಂಗ ಉಣ್ಣತೀರಿ? ಹೋಗಿ ಹೇಳ್ರಿ,” ಎಂದಳು. ಮರುದಿನ ಬೆಳಿಗ್ಗೆಯೇ ಮೌನಪ್ಪ ಆಫೀಸಿನ ಬಾಗಿಲು ತಟ್ಟಿದ.

ಗುಣಮಟ್ಟದ ಮ್ಯಾನೇಜರ್ ಹನುಮಂತರಾಯರು ತೆಲುಗಿನವರಾದರೂ ಕೆಲಸದ ಮಾತೆಲ್ಲ ಹಿಂದಿಯಲ್ಲೇ, ಅದೂ ಕಡಿಮೆ. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು, ಬೈಯಲಿಲ್ಲ. ಬೇರೆಯವರ ಕೆಂಪು ಡಬ್ಬಿಯಿಂದ ಬಾಗಿದ ಮೂರು ಮಾದರಿ ತರಿಸಿ ಅವನ ಮುಂದಿಟ್ಟು, ಮಾಡಿ ತೋರಿಸು ಎಂದರು. ಮೌನಪ್ಪ ಮಾಡಿ ತೋರಿಸಿದ. ಮೂರೂ ಗೇಜಿನಲ್ಲಿ ಸರಿಯಾಗಿ ಕೂತವು. ಮೇಣ ಕರಗಿಸಿ ತಿರುಳು ತೆಗೆದರು. ಎರಡು ಚೆನ್ನಾಗಿದ್ದವು. ಮೂರನೆಯದು ಎರಡು ತುಂಡಾಗಿ ಬಂತು.

“ಸರ್, ತಪ್ಪು ನಂದು. ಆ ಅಮ್ಮನ ಸಿಕ್ಕಾ ವಾಪಸ್ ಕೊಡಿ,” ಎಂದು ಅವನು ತನ್ನ ದಖನಿಯಲ್ಲಿ ಬೇಡಿಕೊಂಡ. ಮಾತು ಹೊರಬಿದ್ದ ಮೇಲೆ ಎದೆ ಹಗುರಾಗಿತ್ತು. ಕೆಲಸ ಹೋದರೂ ಹೋಗಲಿ ಎನ್ನುವಷ್ಟು ಹಗುರು.

ಹನುಮಂತರಾಯರು ಮುರಿದ ತಿರುಳನ್ನು ಟೇಬಲ್ಲಿನ ಮೇಲೆ ಜೋಡಿಸಿಟ್ಟು ಕೇಳಿದರು, “ಅಬ್ ತಕ್ ಕಿತ್ನೇ, ಮೌನಪ್ಪಾ?”

ಇಲ್ಲಿಯತನಕ ಎಷ್ಟು? ಇವನು ಒಂದು ಬ್ಲೇಡಿನ ಪಾಪ ಒಪ್ಪಲು ಬಂದವನು. ಹತ್ತೊಂಬತ್ತು ವರ್ಷದ್ದನ್ನು ಯಾರು ಎಣಿಸಿಟ್ಟಿದ್ದರು? ವಾರಕ್ಕೆ ಒಂದೋ, ಎರಡೋ. ಕೆಲವು ವಾರ ಐದು. ನೆನಪಿಲ್ಲ ಎಂದೇ ಹೇಳಬೇಕಾಯಿತು. “ಯಾದ್ ನಹೀ ಸಾಬ್,” ಎಂದ.

ಮರುದಿನದಿಂದ ಗೋದಾಮಿನಲ್ಲಿದ್ದ ಅವನ ಹೆಸರಿನ ಬ್ಲೇಡುಗಳನ್ನೆಲ್ಲ ಹೊರಗೆ ತೆಗೆದರು. ಮುನ್ನೂರ ಹದಿನಾರು. ಯಾವುದನ್ನು ತಿದ್ದಿದ್ದ, ಯಾವುದನ್ನು ತಿದ್ದಿರಲಿಲ್ಲ, ಅವನಿಗೇ ಗೊತ್ತಿಲ್ಲ. ಫಿಲ್ಮನ್ನು ನಂಬುವ ಹಾಗಿಲ್ಲ ಎಂದಾದ ಮೇಲೆ ಕೊಯ್ದೇ ನೋಡಬೇಕು. ಕೊಯ್ದ ಮೇಲೆ ಒಳಗೆ ಎಷ್ಟು ಚೆನ್ನಾಗಿದ್ದರೂ ಅದು ಗುಜರಿಯೇ. ಹನ್ನೆರಡು ದಿನ ಕೊಯ್ಯುವ ಚಕ್ರ ಕಿರುಚಿತು. ಪ್ರತಿ ತುಂಡನ್ನು ಒರೆಸಿ ಸಾಲಾಗಿಡುವ ಕೆಲಸ ಮೌನಪ್ಪನಿಗೇ ಕೊಟ್ಟರು. ಮುನ್ನೂರೇಳು ಬ್ಲೇಡುಗಳಲ್ಲಿ ಏನೂ ಇರಲಿಲ್ಲ. ಎರಡೆರಡು ಹೋಳಾದ ಆ ಹೊಳೆಯುವ, ನಿರ್ದೋಷ ಬ್ಲೇಡುಗಳನ್ನು ಅವನೇ ಗುಜರಿಯ ಡಬ್ಬಕ್ಕೆ ಹಾಕಿದ. ಒಂಬತ್ತರಲ್ಲಿ ಗೆರೆ ಇತ್ತು.

ಹಿಂದೆಯೇ ಎಂಜಿನ್ನುಗಳಿಗೆ ಹೋಗಿಬಿಟ್ಟ ಬ್ಲೇಡುಗಳ ವಿಷಯಕ್ಕೆ ಕಾರ್ಖಾನೆಯ ದೊಡ್ಡವರು ಎಂಜಿನ್ ಕಟ್ಟುವವರಿಗೆ ಪತ್ರ ಬರೆದರು. ಉತ್ತರ ಏನು ಬಂತೆಂದು ಮೌನಪ್ಪನಿಗೆ ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ಅವನಿಗೂ ಇರಲಿಲ್ಲ.

ಒಂಬತ್ತರ ಹಳೆಯ ಫಿಲ್ಮುಗಳನ್ನು ಮತ್ತೆ ತೆಗೆದು, ಇಂಥ ಜಾಗದಲ್ಲಿ ಗೆರೆ ಇದೆ ಎಂದು ತಿಳಿದುಕೊಂಡು ನೋಡಿದರು. ಏಳರಲ್ಲಿ ಕಂಡಿತು. ಏಳರ ಮೂಲೆಯಲ್ಲೂ ಸುಭದ್ರಾಳ ಸಿಕ್ಕಾ ಇತ್ತು.

ಅವಳಿಗೆ ಎಕ್ಸ್‌ರೇ ಕೋಣೆಯ ಬಾಗಿಲು ಶಾಶ್ವತವಾಗಿ ಮುಚ್ಚಿತೆಂದು ಆದೇಶ ಬಂದದ್ದು ಶನಿವಾರ. ಮೌನಪ್ಪನಿಗೂ ಮೇಣದ ಕೋಣೆ ತಪ್ಪಿ, ಲೋಹ ತುಂಬಿದ ಗಾಡಿ ತಳ್ಳುವ ಕೆಲಸ ಬಂದಿತ್ತು. ಊಟದ ಹೊತ್ತಿಗೆ ಅವನು ಬೆಂಚಿನ ಹತ್ತಿರ ಹೋಗಿ ನಿಂತ. ಬುತ್ತಿಯ ಗಂಟು ಕೈಯಲ್ಲೇ ಇತ್ತು.

“ಅವ್ವಾ, ನಿನ್ನ ಉಳಸಾಕಂತ ಹೇಳಿದ್ದೆ,” ಎಂದ.

“ಗೊತ್ತೈತ್ರಿ.” ಅವಳು ತಲೆ ಎತ್ತಲಿಲ್ಲ. “ಒಂದ ಬಿಟ್ಟೀನಿ ಅಂತ ತಿಳಕೊಂಡಿದ್ದೆ ಕಾಕಾ. ಹನ್ನೊಂದು ವರ್ಷದಾಗ ಒಂದು. ಒಂದನ್ನ ಹೊತಗೊಂಡು ಹೆಂಗರ ಬದುಕತಿದ್ದೆ. ಈಗ ಎಂಟು. ಇನ್ನ ನೀವು ತಿದ್ದಿ ಕಳಿಸಿದ್ದು, ನಾ ಸಿಕ್ಕಾ ಹೊಡದಿದ್ದು, ಮ್ಯಾಲೆ ಹಾರಾಕತ್ತಿದ್ದು ಎಷ್ಟಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

“ನಾ ಹೇಳಬಾರದಿತ್ತೇನವ್ವಾ?”

ಅವಳು ಬುತ್ತಿಯ ಮುಚ್ಚಳ ಹಾಕಿದಳು. ಸಿಟ್ಟಿದ್ದರೆ ಅವನು ತಡೆದುಕೊಳ್ಳಬಹುದಿತ್ತು, ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ.

“ಹೇಳಬೇಕಿತ್ತ್ರಿ. ಹೇಳಿದ್ದು ಛಲೋ ಆತು. ಆದ್ರ ಇನ್ನ ಮ್ಯಾಲೆ ನನ್ನ ಬಾಜೂ ಉಣ್ಣಾಕ ಕೂಡಬ್ಯಾಡ್ರಿ ಕಾಕಾ. ನಿಮ್ಮ ಕೈ ನೋಡಿದ್ರ ನನಗ ಊಟ ಸೇರೂದಿಲ್ಲ.”

ಮೌನಪ್ಪ ಹೂಂ ಎಂದ. ಆವತ್ತು ಗಾಡಿಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಎರಡು ತುತ್ತು ಉಂಡು ಉಳಿದದ್ದನ್ನು ಕಟ್ಟಿಕೊಂಡು ಹೋದ. ಈಗಲೂ ಅಲ್ಲೇ ಉಣ್ಣುತ್ತಾನೆ.